ಕಾಲರ್ ಬೋನ್ ಮುರಿದ ಸೈಕಲ್ ಸವಾರರಿಗೆ: ಕಸುವು ಕಳೆದುಕೊಳ್ಳದೆ ಚೇತರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಸೈಕಲ್‌ನಿಂದ ಬಿದ್ದು ಕಾಲರ್ ಬೋನ್, ಅಂದರೆ ಕೊರಳೆಲುಬು, ಮುರಿದುಕೊಂಡವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಆರು ವಾರ ಸುಮ್ಮನೆ ಕೂತರೆ ಇಷ್ಟು ದಿನ ತುಳಿದು ಗಳಿಸಿದ್ದೆಲ್ಲ ಹೋಗಿಬಿಡುತ್ತದಲ್ಲ, ಏನು ಮಾಡಲಿ? ಉತ್ತರ ಗೊತ್ತಾದ ಮೇಲೂ ಹಲವರು ಎಡವುವುದು ಒಂದೇ ಜಾಗದಲ್ಲಿ. ಮೊದಲ ಎರಡು ವಾರ ಹಾಸಿಗೆ ಬಿಟ್ಟು ಏಳುವುದಿಲ್ಲ. ನಾಲ್ಕನೆಯ ವಾರ ನೋವು ಇಳಿದ ಕೂಡಲೇ ಸ್ಲಿಂಗ್ (ತೋಳನ್ನು ಕೊರಳಿಗೆ ತೂಗುಹಾಕುವ ಬಟ್ಟೆಯ ಜೋಳಿಗೆ) ಬಿಚ್ಚಿಟ್ಟು ರಸ್ತೆಗೆ ಇಳಿಯುತ್ತಾರೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಕಾಲು, ಹೃದಯ ಮತ್ತು ಶ್ವಾಸಕೋಶವನ್ನು ಬೇಗ ಕೆಲಸಕ್ಕೆ ಹಚ್ಚಬೇಕು, ಭುಜವನ್ನು ತಡವಾಗಿ. ನೋವು ಹೋಯಿತೆಂದರೆ ಮೂಳೆ ಕೂಡಿತೆಂದು ಅರ್ಥವಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಹಂತಗಳನ್ನು ಓದಬೇಕೆಂದು ಕೋರುತ್ತೇನೆ.

ವಯಸ್ಕರಲ್ಲಿ ಈ ಮೂಳೆ ಕೂಡಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಮೊದಲಿನ ಬಲ ಮರಳಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ. ಧೂಮಪಾನಿಗಳಲ್ಲಿ ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ ಇದು ಇನ್ನೂ ನಿಧಾನ. ಕೆಳಗೆ ಕೊಟ್ಟಿರುವ ವಾರಗಳ ಲೆಕ್ಕವು ಬೇರೆ ಪೆಟ್ಟಿಲ್ಲದ ಸಾಮಾನ್ಯ ಮುರಿತಕ್ಕೆ ಅನ್ವಯಿಸುತ್ತದೆ. ನಿಮ್ಮ ಎಕ್ಸ್-ರೇ ನೋಡಿದ ಮೂಳೆ ವೈದ್ಯರು ಬೇರೆ ಲೆಕ್ಕ ಹೇಳಿದ್ದರೆ ಅವರ ಮಾತೇ ಅಂತಿಮ.

ಬೇಕಾಗುವ ಸಾಮಗ್ರಿ

ಅಳತೆಗೆ ಸರಿಯಾದ ಎರಡು ಸ್ಲಿಂಗ್ ಬೇಕು, ಏಕೆಂದರೆ ಒಂದು ಬೆವರಿನಲ್ಲಿ ನೆನೆದಾಗ ಇನ್ನೊಂದು ಒಣಗಿರಬೇಕು. ಒಂದು ವ್ಯಾಯಾಮದ ಸೈಕಲ್ ಅಥವಾ ಟ್ರೇನರ್ (ಮಾಮೂಲಿ ಸೈಕಲನ್ನು ಸಿಕ್ಕಿಸಿ ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್), ಒಂದು ಟೇಬಲ್ ಫ್ಯಾನ್, ಎದೆಮಟ್ಟದವರೆಗೆ ಕಾಣುವ ಒಂದು ಕನ್ನಡಿ, ಕೈಯಿಲ್ಲದ ಗಟ್ಟಿ ಕುರ್ಚಿ, ಮುಂದೆ ಜಿಪ್ ಅಥವಾ ಗುಂಡಿ ಇರುವ ಹತ್ತಿ ಅಂಗಿಗಳು ಮತ್ತು ಒಂದು ನೋಟ್ ಪುಸ್ತಕ ಇದ್ದರೆ ಸಾಕು. ಕನ್ನಡಿ ಏಕೆಂದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಮೊದಲ ಮೂರು ದಿನ, ಬೇರೆ ಏನು ಪೆಟ್ಟಾಗಿದೆ ಎಂದು ಖಚಿತಪಡಿಸಿಕೊಳ್ಳಿ

ಮುರಿದ ಮೂಳೆಯ ನೋವು ಉಳಿದ ನೋವುಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ವ್ಯಾಯಾಮದ ಮಾತು ಎತ್ತುವ ಮೊದಲು ತಲೆ, ಪಕ್ಕೆಲುಬು, ಮಣಿಕಟ್ಟು ಮತ್ತು ಸೊಂಟವನ್ನೂ ವೈದ್ಯರಿಗೆ ತೋರಿಸಿ. ಹೆಲ್ಮೆಟ್ ಬಿರುಕು ಬಿಟ್ಟಿದ್ದರೆ, ಬಿದ್ದ ಕ್ಷಣ ನೆನಪಿಲ್ಲದಿದ್ದರೆ, ತಲೆನೋವು ಹೆಚ್ಚುತ್ತಾ ಹೋದರೆ, ವಾಂತಿ, ಮಂಪರು ಅಥವಾ ಗೊಂದಲ ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ತಲೆಗೆ ಪೆಟ್ಟಾಗಿರುವವರು ಈ ಮಾರ್ಗದರ್ಶಿಯನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ಅದರ ಚಿಕಿತ್ಸೆ ಮುಗಿಸಿಕೊಳ್ಳಬೇಕು. ಉಸಿರು ಎಳೆದುಕೊಂಡಾಗ ಎದೆಯಲ್ಲಿ ಚುಚ್ಚುವುದು ಅಥವಾ ಏದುಸಿರು ಬರುವುದು ಶ್ವಾಸಕೋಶಕ್ಕೆ ಪೆಟ್ಟಾಗಿರುವುದರ ಗುರುತಾಗಿರಬಹುದು. ಮುರಿದ ತುದಿ ಚರ್ಮವನ್ನು ಒಳಗಿನಿಂದ ಗುಡಾರದಂತೆ ಎತ್ತಿ ಹಿಡಿದಿದ್ದರೆ, ಬೆರಳುಗಳು ಮರಗಟ್ಟಿದ್ದರೆ ಅಥವಾ ಅಂಗೈ ತಣ್ಣಗಾಗಿದ್ದರೆ ಮರುದಿನದವರೆಗೆ ಕಾಯುವಂತಿಲ್ಲ.

ವೈದ್ಯರ ಕೊಠಡಿಯಿಂದ ಹೊರಬರುವ ಮೊದಲು ನಾಲ್ಕು ವಿಷಯಗಳನ್ನು ಕೇಳಿ ಬರೆದುಕೊಳ್ಳಿ: ಮೂಳೆಯ ತುಂಡುಗಳು ಎಷ್ಟು ಸರಿದಿವೆ, ಸ್ಲಿಂಗ್ ಎಷ್ಟು ದಿನ, ಕೈಯನ್ನು ಯಾವ ಎತ್ತರದವರೆಗೆ ಯಾವಾಗ ಎತ್ತಬಹುದು, ಮುಂದಿನ ಎಕ್ಸ್-ರೇ ಯಾವ ದಿನ. ಶಸ್ತ್ರಚಿಕಿತ್ಸೆಯಲ್ಲಿ ಮೂಳೆಗೆ ಲೋಹದ ಪ್ಲೇಟ್ ಮತ್ತು ಸ್ಕ್ರೂ ಹಾಕಿಸಿಕೊಂಡವರು ಹೊಲಿಗೆ ಬಿಚ್ಚುವ ದಿನವನ್ನೂ ಕೇಳಬೇಕು. ಗಾಯ ಒಣಗುವವರೆಗೆ ಅದರ ಮೇಲೆ ಬೆವರು ಇಳಿಯುವ ಯಾವ ವ್ಯಾಯಾಮವೂ ಬೇಡ. ಪ್ಲೇಟ್ ಹಾಕಿದ ಮಾತ್ರಕ್ಕೆ ಮೂಳೆ ಕೂಡಿದಂತಲ್ಲ, ಕೂಡುವವರೆಗೆ ತುಂಡುಗಳನ್ನು ಹಿಡಿದಿಡುವುದಷ್ಟೇ ಅದರ ಕೆಲಸ.

ಹಿರಿಯರು ಪ್ರೀತಿಯಿಂದ ಎಣ್ಣೆ ಕಾಯಿಸಿ ತಂದರೂ ಮುರಿದ ಜಾಗವನ್ನು ತಿಕ್ಕಿಸಿಕೊಳ್ಳಬೇಡಿ. ಸರಿಯಾಗಿ ಕೂಡಿ ಕುಳಿತಿದ್ದ ತುಂಡುಗಳು ಹೀಗೆ ತಿಕ್ಕಿದ್ದರಿಂದ ಸರಿದುಹೋಗಬಹುದು.

ಹಂತ 2: ಮೊದಲ ವಾರ, ಸ್ಲಿಂಗ್, ಬೆರಳು, ನಡಿಗೆ

ಸ್ಲಿಂಗ್ ಕಟ್ಟುವಾಗ ಅಂಗೈ ಮೊಣಕೈಗಿಂತ ಸ್ವಲ್ಪ ಮೇಲಿರಬೇಕು, ಮಣಿಕಟ್ಟು ಬಟ್ಟೆಯ ಅಂಚಿನಿಂದ ಹೊರಗೆ ಜೋತುಬೀಳಬಾರದು, ಮೊಣಕೈ ಅದರ ಹಿಂಬದಿಯ ಮೂಲೆಗೆ ಪೂರ್ತಿ ಕೂರಬೇಕು. ಪಟ್ಟಿ ಸಡಿಲವಾದಷ್ಟೂ ತೋಳಿನ ಭಾರವೆಲ್ಲ ಮುರಿದ ಮೂಳೆಯ ಹೊರತುದಿಯನ್ನು ಕೆಳಗೆ ಜಗ್ಗುತ್ತದೆ. ಸಂಜೆಯ ಹೊತ್ತಿಗೆ ಕತ್ತು ಸೆಳೆಯುತ್ತಿದ್ದರೆ ಪಟ್ಟಿಯನ್ನು ಮತ್ತೊಮ್ಮೆ ಅಳವಡಿಸಿಕೊಳ್ಳಿ.

ಭುಜಕ್ಕೆ ವಿಶ್ರಾಂತಿ ಎಂದರೆ ಇಡೀ ತೋಳಿಗೆ ವಿಶ್ರಾಂತಿಯಲ್ಲ. ಆರು ವಾರದ ನಂತರ ಮೂಳೆ ಕೂಡಿದರೂ ಮೊಣಕೈ ನೆಟ್ಟಗಾಗದೆ ಒದ್ದಾಡುವವರು ಬಹಳ ಮಂದಿ. ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ನಾಲ್ಕೈದು ಬಾರಿ ಕುಳಿತು ಸ್ಲಿಂಗ್ ಬಿಚ್ಚಿ, ತೋಳನ್ನು ಮೈಗೆ ಒತ್ತಿಟ್ಟುಕೊಂಡೇ ಮೊಣಕೈಯನ್ನು ಹತ್ತು ಬಾರಿ ಮಡಚಿ ಬಿಡಿಸಿ. ಮಣಿಕಟ್ಟನ್ನು ತಿರುಗಿಸಿ, ಮುಷ್ಟಿ ಕಟ್ಟಿ ಬಿಚ್ಚಿ. ಒದ್ದೆ ಬಟ್ಟೆಯ ಉಂಡೆಯೊಂದನ್ನು ಹಿಂಡುವುದು ಮುಂದೆ ಬ್ರೇಕ್ ಹಿಡಿಯುವ ಬೆರಳುಗಳಿಗೆ ಒಳ್ಳೆಯ ಅಭ್ಯಾಸ.

ರಾತ್ರಿ ಬೆನ್ನಿಗೆ ಎರಡು ಮೂರು ದಿಂಬು ಒರಗಿಸಿಕೊಂಡು ಅರೆಕುಳಿತಂತೆ ಮಲಗಿ, ಪೆಟ್ಟಾದ ಮೊಣಕೈ ಅಡಿಗೆ ಮಡಚಿದ ಟವೆಲ್ ಇಡಿ. ಏಳುವಾಗ ಆರೋಗ್ಯವಾಗಿರುವ ಮಗ್ಗುಲಿಗೆ ಹೊರಳಿ ಆ ಕೈಯನ್ನೇ ಊರಿ ಏಳಬೇಕು.

ಮೂರನೆಯ ಅಥವಾ ನಾಲ್ಕನೆಯ ದಿನದಿಂದ ನಡಿಗೆ ಶುರುಮಾಡಬಹುದು. ಮೊದಲು 10 ನಿಮಿಷದಂತೆ ದಿನಕ್ಕೆ ಎರಡು ಸಲ, ವಾರದ ಕೊನೆಗೆ 30 ನಿಮಿಷ. ತರಬೇತಿ ನಿಲ್ಲಿಸಿದ ಮೊದಲ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಕಡಿಮೆಯಾಗತೊಡಗುತ್ತದೆ. ಅದರಿಂದಲೇ ಅದೇ ಕೆಲಸಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ಈ ನಡಿಗೆ ಅದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಆದರೆ ಎಲ್ಲಿ ನಡೆಯುತ್ತೀರಿ ಎಂಬುದು ಎಷ್ಟು ನಡೆದಿರಿ ಎಂಬುದಕ್ಕಿಂತ ಮುಖ್ಯ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಕಲ್ಲು ಕಿತ್ತ ಫುಟ್‌ಪಾತ್, ಬೀದಿನಾಯಿಗಳಿರುವ ಓಣಿ ಇವೆಲ್ಲ ಬೇಡ. ಒಂದು ಕೈ ಕಟ್ಟಿರುವಾಗ ಮುಗ್ಗರಿಸಿದರೆ ಸಾವರಿಸಿಕೊಳ್ಳುವುದು ಕಷ್ಟ. ಬಚ್ಚಲಲ್ಲಿ ಜಾರದಂತೆ ರಬ್ಬರ್ ಮ್ಯಾಟ್ ಹಾಕಿ. ಸ್ಕೂಟರ್ ಹಿಂದೆ ಕೂರುವುದು, ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿಯುವುದು ಎರಡನ್ನೂ ಸ್ಲಿಂಗ್ ಇರುವಷ್ಟು ದಿನ ಬಿಡಬೇಕು.

ಹಂತ 3: ಎರಡನೆಯ ವಾರದಿಂದ, ನಿಂತಲ್ಲೇ ತುಳಿಯುವುದು

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಫಲ ಕೊಡುವ ಹಂತ ಇದು, ಹೆಚ್ಚು ಜನ ತಪ್ಪು ಮಾಡುವ ಹಂತವೂ ಇದೇ. ನೋವಿನ ಮಾತ್ರೆಯಿಲ್ಲದೆ ಕುಳಿತಿರಲು, ನಡೆಯಲು ಸಾಧ್ಯವಾದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಆರಂಭಿಸಿ. ಮಾತ್ರೆ ನುಂಗಿ ಅದರ ಪ್ರಭಾವದಲ್ಲಿ ತುಳಿಯಲು ಕೂರಬಾರದು. ನಿಲ್ಲಿಸೆಂದು ಹೇಳಬೇಕಾದ ನೋವನ್ನೇ ಮಾತ್ರೆ ಸುಮ್ಮನಾಗಿಸಿರುತ್ತದೆ.

ಯಂತ್ರದ ಆಯ್ಕೆಯಲ್ಲಿ ಒಂದು ಕ್ರಮವಿದೆ. ಬೆನ್ನಿಗೆ ಒರಗು ಇರುವ, ಕಾಲು ಮುಂದಕ್ಕೆ ಚಾಚಿ ತುಳಿಯುವ ಜಿಮ್ ಸೈಕಲ್ ಎಲ್ಲಕ್ಕಿಂತ ಸುರಕ್ಷಿತ, ಏಕೆಂದರೆ ಅದರಲ್ಲಿ ಕೈಗಳಿಗೆ ಕೆಲಸವೇ ಇಲ್ಲ. ಅದು ಸಿಗದಿದ್ದರೆ ನೆಟ್ಟಗೆ ಕೂರುವ ಸಾಮಾನ್ಯ ವ್ಯಾಯಾಮ ಸೈಕಲ್ ಆಗಬಹುದು. ನಿಮ್ಮದೇ ರೋಡ್ ಬೈಕನ್ನು, ಅಂದರೆ ಬಾಗಿ ತುಳಿಯುವ ವೇಗದ ಸೈಕಲನ್ನು, ಟ್ರೇನರ್‌ಗೆ ಸಿಕ್ಕಿಸುವುದು ಕೊನೆಯ ಆಯ್ಕೆ. ಅದರ ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ ಮೈಭಾರ ಕೈಗಳ ಮೇಲೆ ಬೀಳುತ್ತದೆ. ಅದನ್ನೇ ಬಳಸುವುದಾದರೆ ಹ್ಯಾಂಡಲನ್ನು ಆದಷ್ಟು ಎತ್ತರಿಸಿ, ಪಕ್ಕದಲ್ಲಿ ಗಟ್ಟಿಯಾದ ಮಣೆಯಿಟ್ಟು, ಮನೆಯವರೊಬ್ಬರು ಹಿಡಿದುಕೊಂಡಿರುವಾಗ ಹತ್ತಿ ಇಳಿಯಿರಿ. ಟ್ರೇನರ್ ಮೇಲಿಂದ ಇಳಿಯುವಾಗ ಕಾಲು ತೊಡರಿ ಮತ್ತೆ ಬಿದ್ದವರಿದ್ದಾರೆ. ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಸದ್ಯಕ್ಕೆ ಬೇಡ.

ಪೆಟ್ಟಾದ ಕೈ ಸ್ಲಿಂಗ್‌ನಲ್ಲೇ ಇರಲಿ, ಇನ್ನೊಂದು ಕೈ ಹ್ಯಾಂಡಲ್ ಮೇಲೆ ಹಗುರವಾಗಿ ಕೂರಲಿ. ಎರಡನೆಯ ವಾರ 15ರಿಂದ 20 ನಿಮಿಷ, ಹಗುರವಾದ ಒತ್ತಡದಲ್ಲಿ, ನಿಮಿಷಕ್ಕೆ 80ರಿಂದ 90 ಸುತ್ತು. ಪೂರ್ತಿ ಒಂದು ವಾಕ್ಯವನ್ನು ಉಸಿರು ತುಂಡಾಗದೆ ಹೇಳಲು ಬರಬೇಕು. ಮರುದಿನ ಬೆಳಿಗ್ಗೆ ಭುಜದ ನೋವು ಹೆಚ್ಚಿಲ್ಲವೆಂದರೆ 5 ನಿಮಿಷ ಸೇರಿಸಿ, ಹೆಚ್ಚಿದ್ದರೆ ಹಿಂದಿನ ಅವಧಿಗೆ ಇಳಿಯಿರಿ. ಮೂರನೆಯ ವಾರದ ಕೊನೆಗೆ 40 ನಿಮಿಷ ತಲುಪಿದರೆ ಸಾಕು.

ಈಗ ಕನ್ನಡಿಯ ಮಾತು. ಚಾಮುಂಡಿ ಬೆಟ್ಟ ಇಳಿಯುವಾಗ ಬಿದ್ದು ನನ್ನ ಎಡ ಕೊರಳೆಲುಬು ಮುರಿದಿದ್ದಾಗ, ಎರಡನೆಯ ವಾರ ವ್ಯಾಯಾಮ ಸೈಕಲನ್ನು ಮಲಗುವ ಕೋಣೆಯ ಬೀರುವಿನ ಎದುರು ಇಟ್ಟುಕೊಂಡಿದ್ದೆ. ಅಲ್ಲಿ ಜಾಗವಿತ್ತು ಎಂಬುದಷ್ಟೇ ಕಾರಣ. ಹತ್ತನೆಯ ನಿಮಿಷದ ಹೊತ್ತಿಗೆ ಬೀರುವಿನ ಕನ್ನಡಿಯಲ್ಲಿ ನೋಡಿದರೆ ಎಡ ಭುಜ ಕಿವಿಯ ಹತ್ತಿರಕ್ಕೆ ಏರಿತ್ತು, ಕತ್ತಿನ ನರ ಹಗ್ಗದಂತೆ ಬಿಗಿದಿತ್ತು, ಆದರೆ ನನಗೆ ಅದರ ಅರಿವೇ ಇರಲಿಲ್ಲ. ಕಾಲು ಜೋರಾಗಿ ತುಳಿದಂತೆಲ್ಲ ಕತ್ತು ಮತ್ತು ಭುಜದ ಸ್ನಾಯುಗಳು ತಾವಾಗಿ ಬಿಗಿಯುತ್ತವೆ. ಅವುಗಳಲ್ಲಿ ಕಿವಿಯ ಹಿಂದಿನಿಂದ ಇಳಿದುಬರುವ ಸ್ನಾಯು ಕೊರಳೆಲುಬಿನ ಒಳತುಂಡನ್ನು ಮೇಲಕ್ಕೆ ಎಳೆಯುತ್ತದೆ, ತೋಳಿನ ಭಾರ ಹೊರತುಂಡನ್ನು ಕೆಳಕ್ಕೆ ಎಳೆಯುತ್ತದೆ. ಕೂಡಬೇಕಾದ ಎರಡು ತುದಿಗಳನ್ನು ನಾವೇ ಎರಡು ದಿಕ್ಕಿಗೆ ಜಗ್ಗಿದಂತಾಗುತ್ತದೆ. ಆದ್ದರಿಂದ ಕನ್ನಡಿಯನ್ನು ಎದುರಿಗಿಟ್ಟುಕೊಳ್ಳಿ. ಎರಡು ಭುಜಗಳ ಎತ್ತರದಲ್ಲಿ ವ್ಯತ್ಯಾಸ ಕಂಡ ಕೂಡಲೇ ಒತ್ತಡ ಇಳಿಸಿ, ಬಾಯಿಂದ ಉದ್ದಕ್ಕೆ ಉಸಿರು ಬಿಟ್ಟು ಭುಜವನ್ನು ಸಡಿಲಿಸಿ. ಮತ್ತೆ ಏರಿದರೆ ಆ ದಿನದ ತುಳಿತ ಅಲ್ಲಿಗೆ ನಿಲ್ಲಲಿ. ಪೆಡಲ್ ಮೇಲೆ ಎದ್ದು ನಿಂತು ತುಳಿಯುವುದನ್ನು ಮೂಳೆ ಕೂಡುವವರೆಗೂ ಮಾಡಬಾರದು.

ಕೋಣೆಯೊಳಗೆ ಗಾಳಿ ಎದುರು ಬೀಸುವುದಿಲ್ಲವಾದ್ದರಿಂದ ಫ್ಯಾನ್ ಇಲ್ಲದೆ ತುಳಿದರೆ ಅದೇ ಒತ್ತಡಕ್ಕೆ ಹೃದಯ ಬಡಿತ ಹೆಚ್ಚು ಏರುತ್ತದೆ, ಬೆವರು ಸ್ಲಿಂಗ್ ಒಳಗೆ ನಿಂತು ಕಂಕುಳು ಮತ್ತು ಮೊಣಕೈ ಮಡಿಕೆಯಲ್ಲಿ ಚರ್ಮ ಕೆಂಪಾಗುತ್ತದೆ. ಕಂಕುಳಲ್ಲಿ ಒಣ ಹತ್ತಿ ಬಟ್ಟೆ ಇಟ್ಟುಕೊಂಡು, ಮುಗಿದ ಕೂಡಲೇ ಸ್ಲಿಂಗ್ ಬದಲಿಸಿ.

ಮೂರು ವಾರ ದಾಟಿ, ಎಕ್ಸ್-ರೇ ಸರಿಯಿದ್ದು, ಭುಜ ಏರದಂತೆ 40 ನಿಮಿಷ ತುಳಿಯಬಲ್ಲಿರಾದರೆ ವಾರಕ್ಕೆ ಎರಡು ದಿನ ಸ್ವಲ್ಪ ಬಿರುಸು ಸೇರಿಸಬಹುದು: 3 ನಿಮಿಷ ಮಾತು ತುಂಡಾಗುವಷ್ಟು, 3 ನಿಮಿಷ ಹಗುರ, ಹೀಗೆ ನಾಲ್ಕು ಸಲ. ತರಬೇತಿಯ ಅವಧಿ ಬಹಳ ಕಡಿಮೆಯಾದರೂ ನಡುನಡುವೆ ಬಿರುಸು ಉಳಿದರೆ ದಮ್ಮು ಉಳಿಯುತ್ತದೆ. ಆಸ್ಟ್ರೇಲಿಯದ ವೃತ್ತಿಪರ ಸವಾರ ಮ್ಯಾಥ್ಯೂ ಹೇಮನ್ 2016ರ ಫೆಬ್ರವರಿಯಲ್ಲಿ ಮುಂಗೈ ಮೂಳೆ ಮುರಿದುಕೊಂಡು, ಮನೆಯೊಳಗೆ ಟ್ರೇನರ್ ಮೇಲೆ ತುಳಿದು, ಏಪ್ರಿಲ್‌ನಲ್ಲಿ ಪ್ಯಾರಿಸ್–ರೂಬೇ ಸ್ಪರ್ಧೆಯನ್ನೇ ಗೆದ್ದರು. ಕಾಲಿನ ಶಕ್ತಿಯನ್ನು ಕೋಣೆಯೊಳಗೆ ಕಾಪಾಡಬಹುದು ಎಂಬುದಕ್ಕಷ್ಟೇ ಈ ಉದಾಹರಣೆ. ಅವರು ರಸ್ತೆಗೆ ಮರಳಿದ ವೇಗವನ್ನು ನಾವು ಅನುಕರಿಸುವಂತಿಲ್ಲ.

ಹಂತ 4: ಕಾಲು, ಸೊಂಟ ಮತ್ತು ಇನ್ನೊಂದು ಕೈಯ ಬಲ

ವಾರಕ್ಕೆ ಮೂರು ದಿನ, ತುಳಿಯದ ದಿನಗಳಲ್ಲಿ, ಈ ಕ್ರಮದಲ್ಲಿ ಮಾಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 12 ಬಾರಿ, ಗೋಡೆಗೆ ಬೆನ್ನೊರಗಿಸಿ ಅರೆಕುಳಿತು 30 ಸೆಕೆಂಡ್ ನಿಲ್ಲುವುದು, ತಗ್ಗಿನ ಮೆಟ್ಟಿಲನ್ನು ಒಂದೊಂದೇ ಕಾಲಲ್ಲಿ ಹತ್ತಿ ಇಳಿಯುವುದು 10 ಬಾರಿ, ಹಿಮ್ಮಡಿ ಎತ್ತಿ ಇಳಿಸುವುದು 15 ಬಾರಿ. ಇದು ಒಂದು ಸುತ್ತು. ಮೂರು ಸುತ್ತು ಸಾಕು. ಮೆಟ್ಟಿಲು ಹತ್ತುವಾಗ ಆರೋಗ್ಯವಾಗಿರುವ ಕೈಗೆ ಸಿಗುವಂತೆ ಗೋಡೆಯೋ ಕಂಬಿಯೋ ಇರಲಿ.

ಆರೋಗ್ಯವಾಗಿರುವ ಕೈಗೂ ಕೆಲಸ ಕೊಡಬೇಕು. ಒಂದು ಕೈಗೆ ಕೊಟ್ಟ ಬಲದ ವ್ಯಾಯಾಮವು ಕಟ್ಟಿಟ್ಟ ಇನ್ನೊಂದು ಕೈಯ ಸ್ನಾಯುಬಲ ತೀರ ಕುಗ್ಗದಂತೆ ತಡೆಯುತ್ತದೆ, ಏಕೆಂದರೆ ಎರಡನ್ನೂ ನಡೆಸುವ ನರವ್ಯವಸ್ಥೆ ಒಂದೇ. ಕುಳಿತು, ಬೆನ್ನಿಗೆ ಒರಗು ಕೊಟ್ಟು, ಎರಡು ಮೂರು ಕಿಲೋ ಡಂಬೆಲ್‌ನಿಂದ ಮೊಣಕೈ ಮಡಚುವುದು ಸಾಕು. ಭಾರ ಎತ್ತುವಾಗ ಪೆಟ್ಟಾದ ಭುಜವೂ ಜೊತೆಗೆ ಬಿಗಿಯುತ್ತಿದ್ದರೆ ಭಾರ ಕಡಿಮೆ ಮಾಡಿ.

ಪ್ಲಾಂಕ್ (ಕೈ ಅಥವಾ ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು), ದಂಡ, ಸೂರ್ಯನಮಸ್ಕಾರ, ಹಗ್ಗದಾಟ, ಓಟ, ಈಜು ಇವು ಈ ಹಂತದಲ್ಲಿ ಬೇಡ. ಹೊಟ್ಟೆಯ ಸ್ನಾಯುಗಳಿಗಾಗಿ ಪ್ಲಾಂಕ್ ಮಾಡುತ್ತೇನೆ, ಮೊಣಕೈ ಮೇಲಲ್ಲವೇ ಎಂದು ವಾದಿಸುವವರಿದ್ದಾರೆ. ಮೊಣಕೈ ಊರಿದರೂ ಭಾರ ದಾಟಿಹೋಗುವುದು ಕೊರಳೆಲುಬಿನ ಮೂಲಕವೇ.

ಹಂತ 5: ಊಟ, ಮೊದಲ ದಿನದಿಂದಲೇ

ಸೈಕಲ್ ತುಳಿಯುತ್ತಿಲ್ಲ, ತೂಕ ಏರುತ್ತದೆ ಎಂದು ಊಟ ಅರ್ಧ ಮಾಡುವುದು ದೊಡ್ಡ ತಪ್ಪು. ಮೂಳೆ ಕೂಡುವುದಕ್ಕೂ ದೇಹ ಶಕ್ತಿ ಖರ್ಚು ಮಾಡುತ್ತದೆ. ಎಣ್ಣೆಯಲ್ಲಿ ಕರಿದದ್ದು, ಸಿಹಿ ಮತ್ತು ಮದ್ಯವನ್ನು ಬಿಡಿ, ಊಟವನ್ನಲ್ಲ.

ಕೊರತೆ ಬೀಳುವುದು ಪ್ರೋಟೀನ್‌ನಲ್ಲಿ. ಪೆಟ್ಟಿನಿಂದ ಚೇತರಿಸಿಕೊಳ್ಳುವಾಗ ಸ್ನಾಯು ಕರಗದಿರಲು ಮೈತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಗುರಿಯಿಟ್ಟುಕೊಳ್ಳಬಹುದು. 65 ಕಿಲೋ ತೂಗುವವರಿಗೆ ಇದು ದಿನಕ್ಕೆ 104 ಗ್ರಾಂ ಆಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಅನುಸರಿಸಬಾರದು. ಅನ್ನ, ತಿಳಿಸಾರು, ಮಜ್ಜಿಗೆಯ ಊಟದಲ್ಲಿ ಈ ಲೆಕ್ಕ ಮುಟ್ಟುವುದು ಸಾಧ್ಯವಿಲ್ಲ. ತಿಳಿಸಾರಿನಲ್ಲಿ ಬೇಳೆಯ ರುಚಿ ಇರುತ್ತದೆಯೇ ಹೊರತು ಬೇಳೆ ಹೆಚ್ಚಿರುವುದಿಲ್ಲ. ಎರಡು ಮೊಟ್ಟೆಯಿಂದ 12 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಿಂದ 25 ಗ್ರಾಂ, 50 ಗ್ರಾಂ ಹೆಸರುಕಾಳು ನೆನೆಸಿ ಮಾಡಿದ ಉಸುಳಿಯಿಂದ 11ರಿಂದ 12 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7 ಗ್ರಾಂ, ದೊಡ್ಡ ಲೋಟ ಹಾಲಿನಿಂದ 8 ಗ್ರಾಂ ಬರುತ್ತದೆ. ಉಳಿದದ್ದನ್ನು ಗಟ್ಟಿ ಬೇಳೆಯ ಹುಳಿ, ಮೊಸರು, ಪನೀರ್, ಮೀನು ಅಥವಾ ಕೋಳಿಯಿಂದ ತುಂಬಿಕೊಳ್ಳಿ. ಒಂದೇ ಹೊತ್ತಿನಲ್ಲಿ ತಿನ್ನದೆ ನಾಲ್ಕು ಹೊತ್ತಿಗೆ ಹಂಚಿ.

ಸುಣ್ಣಾಂಶದ ವಿಷಯದಲ್ಲಿ ನಮ್ಮ ರಾಗಿ ದೊಡ್ಡ ಆಸರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ವಯಸ್ಕರಿಗೆ ದಿನಕ್ಕೆ ಬೇಕಾದ 1,000 ಮಿಲಿಗ್ರಾಂನಲ್ಲಿ ಮೂರನೇ ಒಂದು ಭಾಗ. ವಿಟಮಿನ್ ಡಿ ಕೊರತೆ ಇದೆಯೇ ಎಂದು ರಕ್ತಪರೀಕ್ಷೆಯಿಂದ ತಿಳಿದ ಮೇಲೆಯೇ, ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಅದರ ಮಾತ್ರೆ ತೆಗೆದುಕೊಳ್ಳಿ.

ಹಂತ 6: ನಾಲ್ಕರಿಂದ ಎಂಟನೆಯ ವಾರ, ಭುಜವನ್ನು ಎಬ್ಬಿಸುವುದು

ಈ ವಾರಗಳಲ್ಲಿ ನೋವಿರುವುದಿಲ್ಲ, ಕಾಲಿನಲ್ಲಿ ಕಸುವಿರುತ್ತದೆ, ಗೆಳೆಯರು ಭಾನುವಾರದ ಸವಾರಿಗೆ ಕರೆಯುತ್ತಿರುತ್ತಾರೆ. ಮೂಳೆಯ ತುಂಡುಗಳ ನಡುವೆ ಮಾತ್ರ ಇನ್ನೂ ಗಟ್ಟಿಯಾಗದ ಹೊಸ ಅಂಗಾಂಶವಿರುತ್ತದೆ. ಎರಡನೆಯ ಬಾರಿ ಮುರಿದುಕೊಳ್ಳುವ ಅಪಾಯ ಹೆಚ್ಚಿರುವುದು ಇಲ್ಲೇ.

ವೈದ್ಯರು ಸ್ಲಿಂಗ್ ಬಿಡಲು ಹೇಳಿದ ಮೇಲೆ, ಸಾಧ್ಯವಾದರೆ ಫಿಸಿಯೋಥೆರಪಿಸ್ಟ್ ಎದುರಿನಲ್ಲೇ, ಲೋಲಕದ ಚಲನೆಯಿಂದ ಆರಂಭಿಸಿ. ಆರೋಗ್ಯವಾಗಿರುವ ಕೈಯನ್ನು ಮೇಜಿನ ಮೇಲೆ ಊರಿ, ಸೊಂಟದಿಂದ ಬಾಗಿ, ಪೆಟ್ಟಾದ ತೋಳನ್ನು ಸಡಿಲವಾಗಿ ಇಳಿಬಿಟ್ಟು ಮೈಯನ್ನು ತೂಗಿದರೆ ತೋಳು ಬಾವಿಗೆ ಬಿಟ್ಟ ಹಗ್ಗದಂತೆ ತಾನಾಗಿ ಸುತ್ತಬೇಕು. ಭುಜದ ಸ್ನಾಯು ಅದನ್ನು ಸುತ್ತಿಸಬಾರದು. ಮುಂದಿನ ವಾರ ಗೋಡೆಯ ಮೇಲೆ ಬೆರಳುಗಳನ್ನು ಏರಿಸುತ್ತಾ ಹೋಗಿ, ಮುಟ್ಟಿದ ಎತ್ತರಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ ತಾರೀಖು ಬರೆಯಿರಿ. ಭುಜದ ಮಟ್ಟಕ್ಕಿಂತ ಮೇಲೆ ಕೈ ಎತ್ತುವುದು ವೈದ್ಯರು ಹೇಳಿದ ದಿನದ ನಂತರ ಮಾತ್ರ.

ಮುಂದಿನ ಎಕ್ಸ್-ರೇಯಲ್ಲಿ ಮೂಳೆ ಕೂಡುತ್ತಿರುವುದು ಕಂಡ ಮೇಲೆ ಟ್ರೇನರ್ ಮೇಲೆ ಎರಡೂ ಕೈಗಳನ್ನು ಹ್ಯಾಂಡಲ್‌ಗೆ ತನ್ನಿ: ಮೊದಲ ದಿನ 2 ನಿಮಿಷ, ಆಮೇಲೆ 5, ಆಮೇಲೆ 10. ಗೋಡೆಗೆ ಕೈಯೊತ್ತಿ ಮಾಡುವ ದಂಡವನ್ನೂ ಇದೇ ಹೊತ್ತಿಗೆ ಐದರಿಂದ ಆರಂಭಿಸಬಹುದು. ಮುರಿದ ಜಾಗದಲ್ಲಿ ಸಣ್ಣ ಗಂಟು ಕೈಗೆ ಸಿಗುವುದು ಸಹಜ, ಅದು ಹೊಸ ಮೂಳೆ. ಅಲ್ಲಿ ಕಟಕಟ ಸದ್ದು ಬರುವುದು ಅಥವಾ ತುಂಡುಗಳು ಅಲುಗಾಡಿದ ಅನುಭವವಾಗುವುದು ಸಹಜವಲ್ಲ. ಎಲ್ಲವನ್ನೂ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಹಂತ 7: ರಸ್ತೆಗೆ ಮರಳುವುದು

ದಿನಗಳನ್ನು ಎಣಿಸಿ ರಸ್ತೆಗಿಳಿಯಬೇಡಿ, ಈ ಪರೀಕ್ಷೆಗಳನ್ನು ದಾಟಿದ ಮೇಲೆ ಇಳಿಯಿರಿ. ಎಕ್ಸ್-ರೇ ನೋಡಿ ವೈದ್ಯರು ಮೂಳೆ ಕೂಡಿದೆ ಎಂದು ಹೇಳಿರಬೇಕು. ಮುರಿದಿದ್ದ ಜಾಗವನ್ನು ಬೆರಳಿನಿಂದ ಒತ್ತಿದರೆ ನೋಯಬಾರದು. ಎರಡೂ ಕೈ ಒಂದೇ ಎತ್ತರಕ್ಕೆ ಏರಬೇಕು. ಗೋಡೆಯ ದಂಡ 20 ಆಗಬೇಕು. ಟ್ರೇನರ್ ಮೇಲೆ 45 ನಿಮಿಷ ಎರಡೂ ಕೈ ಊರಿ ಕೂರಲು, ಹಿಂದಿರುಗಿ ಎರಡೂ ಬದಿಯ ವಾಹನಗಳನ್ನು ನೋಡಲು, ಬ್ರೇಕನ್ನು ಪೂರ್ತಿ ಹಿಡಿಯಲು ಬರಬೇಕು. ಮುಂದಿನ ಚಕ್ರದ ಬ್ರೇಕ್ ಪೆಟ್ಟಾದ ಕೈಯ ಕಡೆ ಇದ್ದರೆ ಈ ಕೊನೆಯ ಪರೀಕ್ಷೆಯನ್ನು ಎರಡು ಸಲ ಮಾಡಿ. ಬಹುಪಾಲು ಜನ 8ರಿಂದ 12 ವಾರದೊಳಗೆ ಇಲ್ಲಿಗೆ ಬರುತ್ತಾರೆ.

ಸವಾರಿಗೆ ಮೊದಲು ಸೈಕಲನ್ನೂ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ: ಮುಂದಿನ ಚಕ್ರ ಹಿಡಿದಿಡುವ ಫೋರ್ಕ್, ಹ್ಯಾಂಡಲ್, ಹಿಂದಿನ ಗೇರ್ ಬದಲಿಸುವ ಭಾಗವನ್ನು ಹಿಡಿದಿಡುವ ಗೇರ್ ಹ್ಯಾಂಗರ್, ಕಾರ್ಬನ್ ಫ್ರೇಮ್ ಆಗಿದ್ದರೆ ಕೂದಲೆಳೆಯ ಬಿರುಕು. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಲೇಬೇಕು.

ಮೊದಲ ಸವಾರಿ ಭಾನುವಾರ ಬೆಳಿಗ್ಗೆ, ಬೆಳಕು ಹರಿದ ಮೇಲೆ, ಸಮತಟ್ಟಾದ ಒಣ ರಸ್ತೆಯಲ್ಲಿ, ಸಾದಾ ಪೆಡಲ್ ಹಾಕಿ, ಒಬ್ಬ ನಂಬಿಕೆಯ ಜೊತೆಗಾರರೊಂದಿಗೆ ಅರ್ಧ ಗಂಟೆ ಮಾತ್ರ. ಟೈರಿನ ಗಾಳಿ ತುಸು ಕಡಿಮೆಯಿದ್ದರೆ ಕುಲುಕು ಭುಜಕ್ಕೆ ಅಷ್ಟಾಗಿ ತಾಗುವುದಿಲ್ಲ. ರಸ್ತೆ ಉಬ್ಬುಗಳಲ್ಲಿ ನಡಿಗೆಯ ವೇಗಕ್ಕೆ ಇಳಿಯಿರಿ. ಗುಂಪಿನ ಸವಾರಿ, ನಂದಿ ಬೆಟ್ಟದಂತಹ ಇಳಿಜಾರು, ಕಾಡುದಾರಿ ಇವು ಮೂರು ತಿಂಗಳು ತುಂಬಿದ ಮೇಲೆ ಇರಲಿ. ಪ್ಲೇಟ್ ಇರುವವರು ಅದೇ ಭುಜದ ಮೇಲೆ ಮತ್ತೆ ಬಿದ್ದರೆ ಪ್ಲೇಟ್ ಬಾಗಬಹುದು ಅಥವಾ ಅದರ ತುದಿಯಲ್ಲಿ ಮೂಳೆ ಹೊಸದಾಗಿ ಮುರಿಯಬಹುದು.

ಇಳಿಜಾರು ಕಂಡರೆ ಕೈ ನಡುಗುವುದು ಅನೇಕರಿಗೆ ಆಗುತ್ತದೆ, ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ನನಗೂ ಹಲವು ವಾರ ಹಾಗಾಗುತ್ತಿತ್ತು. ಖಾಲಿ ಮೈದಾನದಲ್ಲಿ ಎರಡು ಚಪ್ಪಲಿಗಳನ್ನು ಗುರುತಿಗಿಟ್ಟು, ಅವುಗಳ ನಡುವೆ ಬ್ರೇಕ್ ಹಿಡಿದು ನಿಲ್ಲುವುದನ್ನು ದಿನವೂ ಹತ್ತು ಬಾರಿ ಅಭ್ಯಾಸ ಮಾಡಿದೆ. ಆಮೇಲೆ ಸಣ್ಣ ಇಳಿಜಾರಿಗೆ, ಅದಾದ ಮೇಲೆ ಬೆಟ್ಟದ ಕೊನೆಯ ಒಂದೇ ತಿರುವಿಗೆ ಹೋದೆ.

ಯಾವ ಹಂತದಲ್ಲೇ ಆಗಲಿ, ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಸ ನೋವು, ಬೆರಳುಗಳಲ್ಲಿ ಜುಮುಜುಮು ಅಥವಾ ಹಿಡಿತ ಸಡಿಲವಾಗುವುದು, ಶಸ್ತ್ರಚಿಕಿತ್ಸೆಯ ಗಾಯ ಕೆಂಪಾಗಿ ಬಿಸಿಯಾಗುವುದು ಅಥವಾ ಕೀವು ಬರುವುದು, ಜ್ವರ, ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರಿಗೆ ತಿಳಿಸಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದು ತುಳಿತದ ನೋವೆಂದು ಎಣಿಸಿ ಎಣ್ಣೆ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಎದೆನೋವು ಅಥವಾ ಏದುಸಿರು ಇದ್ದರೆ 108ಕ್ಕೆ ಕರೆ ಮಾಡಿ.

ಬೆಳಿಗ್ಗೆ ಎದ್ದ ಕೂಡಲೇ ಎಣಿಸಿದ ನಾಡಿಬಡಿತ, ಹತ್ತಕ್ಕೆ ಎಷ್ಟು ನೋವು, ಎಷ್ಟು ಗಂಟೆ ನಿದ್ದೆ, ಎಷ್ಟು ನಿಮಿಷ ತುಳಿತ, ಈ ನಾಲ್ಕನ್ನು ನೋಟ್ ಪುಸ್ತಕದಲ್ಲಿ ದಿನವೂ ಬರೆದಿಡಿ. ನಾಡಿಬಡಿತ ಎರಡು ದಿನ ಸತತವಾಗಿ ಎಂದಿಗಿಂತ ಹೆಚ್ಚಿದ್ದು ನಿದ್ದೆಯೂ ಕೆಟ್ಟಿದ್ದರೆ ಮೂರನೆಯ ದಿನ ತುಳಿಯದೆ ನಡೆದು ಬನ್ನಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಎಕ್ಸ್-ರೇ ಜೊತೆಗೆ ಈ ಪುಸ್ತಕವನ್ನೂ ಒಯ್ಯಿರಿ.